ಬಸ್ಸಾರಿನ ಕಟ್ಟು ಚೆಲ್ಲಿದ ಶ್ರಾವಣ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ತರಕಾರಿ ಅಡುಗೆ ಕಲಿತೆ. ಈ ಮಾತನ್ನು ಯಾರ ಮುಂದೆ ಹೇಳಿದರೂ ಅವರು ಒಂದು ಸಲ ನನ್ನನ್ನು, ಇನ್ನೊಂದು ಸಲ ನನ್ನ ಯಜಮಾನರನ್ನು ನೋಡಿ "ಪಾಪ" ಅನ್ನುತ್ತಾರೆ. ಆ ಪಾಪ ನನಗಲ್ಲ ಎಂದು ನನಗೆ ಚೆನ್ನಾಗಿ ಗೊತ್ತು.

ಹಾಗೆಂದು ನನಗೆ ಏನೂ ಬರುತ್ತಿರಲಿಲ್ಲ ಎಂದಲ್ಲ. ಆಮ್ಲೆಟ್ ಬರುತ್ತಿತ್ತು, ಕಟ್ಲೆಟ್ ಬರುತ್ತಿತ್ತು, ತಟ್ಟೆಗೆ ಬೋರಲು ಹಾಕಿದರೆ ಕುಸಿಯದೆ ನಿಲ್ಲುವ ಕ್ಯಾರಮೆಲ್ ಕಸ್ಟರ್ಡ್ ಬರುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಶನಿವಾರ ಬೆಳಿಗ್ಗೆ ಕುಕರಿ ಕ್ಲಾಸು ಇರುತ್ತಿತ್ತು. ಬಿಳಿ ಏಪ್ರನ್ ಕಟ್ಟಿಕೊಂಡು, ಕೂದಲನ್ನು ನೆಟ್ ಒಳಗೆ ತೂರಿಸಿ, ಸಾಲಾಗಿ ನಿಂತು ಕಲಿತ ವಿದ್ಯೆ ಅದು. ತರಕಾರಿಯ ಪಾಠ ಒಂದೇ ಒಂದು ಪುಟದ್ದು. ಕ್ಯಾರೆಟ್, ಬೀನ್ಸ್, ಕೋಸು, ಯಾವುದಾದರೂ ಸರಿ, ಉಪ್ಪುನೀರಿನಲ್ಲಿ ಕುದಿಸಿ, ನೀರು ಚೆಲ್ಲಿ, ಮೇಲೆ ಬೆಣ್ಣೆ ಮತ್ತು ಮೆಣಸಿನ ಪುಡಿ. ನಮ್ಮ ಸಿಸ್ಟರ್ ಅದನ್ನು "ವೆಜಿಟೆಬಲ್ಸ್" ಅನ್ನುವಾಗ ಮುಖದಲ್ಲಿ ಒಂದು ಬಗೆಯ ಕರ್ತವ್ಯಪ್ರಜ್ಞೆ ಇರುತ್ತಿತ್ತು. ನಾವೂ ಅದನ್ನು ಕರ್ತವ್ಯದಂತೆಯೇ ನುಂಗಿದೆವು. ಫ್ರಾಂಕ್ಲಿ ಹೇಳುತ್ತೇನೆ, ಸ್ಕೂಲ್ ಬಿಟ್ಟ ಮೇಲೆ ಐವತ್ತೈದು ವರ್ಷ ನಾನು ಆ ಕರ್ತವ್ಯದ ಕಡೆ ತಿರುಗಿ ನೋಡಲಿಲ್ಲ.

ನೋಡುವ ಅಗತ್ಯವೂ ಬೀಳಲಿಲ್ಲ. ಮದುವೆಯಾಗಿ ಬಂದದ್ದು ಹಳ್ಳಿಯಿಂದ ಮೈಸೂರಿಗೆ ಬಂದು ನೆಲೆಸಿದ ಒಕ್ಕಲು ಮನೆಗೆ. ಅಡುಗೆಮನೆ ಅತ್ತೆಯವರದು. ನಾನು ಸರ್ಕಾರಿ ಆಫೀಸಿನಲ್ಲಿ ಸ್ಟೆನೋ, ಒಂಬತ್ತೂವರೆಗೆ ಬಸ್ಸು. ಅತ್ತೆ ದಿನವೂ ಯಾವುದೋ ಸೊಪ್ಪು ಬೇಯಿಸುತ್ತಿದ್ದರು. ಒಗ್ಗರಣೆಯ ಬೆಳ್ಳುಳ್ಳಿ ಘಮ ನನ್ನ ಸೀರೆಯ ನೆರಿಗೆಯವರೆಗೂ ಬರುತ್ತಿತ್ತು. "ಒಂಚೂರು ನಾಲ್ಗೆ ಮ್ಯಾಲೆ ಇಟ್ನೋಡವ್ವ" ಎಂದು ಬಟ್ಟಲು ಹಿಡಿದುಕೊಂಡು ಬಾಗಿಲವರೆಗೂ ಬರುತ್ತಿದ್ದರು. "ಲೇಟಾಯ್ತು ಅತ್ತೆ" ಎಂದು ಟೋಸ್ಟ್ ಕಚ್ಚಿಕೊಂಡು ಓಡುತ್ತಿದ್ದೆ. ಸೊಪ್ಪಿನ ಸಾರು ಅಂದರೆ ನನ್ನ ಲೆಕ್ಕದಲ್ಲಿ ದನದ ಮೇವಿನ ಸ್ವಲ್ಪ ಸುಧಾರಿಸಿದ ಎಡಿಷನ್. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮ್ಯಾನರ್ಸ್ ಸಿಸ್ಟರ್ ಕಲಿಸಿದ್ದರು. ಆದರೆ ಅತ್ತೆಗೆ ಗೊತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಉದಯಗಿರಿ ಬಡಾವಣೆಯಿಂದ ಒಬ್ಬರು ಅಡುಗೆಗೆ ಬರತೊಡಗಿದರು. ಹದಿನೆಂಟು ವರ್ಷ ನಮ್ಮನ್ನು ಸಾಕಿದ ಮಹಾತಾಯಿ. ಆಕೆ ಒಂದೇ ವಾರದಲ್ಲಿ ನಮ್ಮ ಮನೆಯ ನಾಲಿಗೆಯನ್ನು ಓದಿಕೊಂಡರು: ಭಾನುವಾರ ಮಟನ್ನು, ಬುಧವಾರ ಕೋಳಿ, ಉಳಿದ ದಿನ ಮೊಟ್ಟೆ, ಇಲ್ಲವೇ ಗರಿಗರಿಯಾಗಿ ಹುರಿದ ಆಲೂಗಡ್ಡೆ. ಮೇಲಿನ ಮಹಡಿಯಲ್ಲಿರುವ ಮಗ ಸೊಸೆ ಏನೋ ಸಲಾಡ್, ಓಟ್ಸ್ ಅನ್ನುತ್ತಿದ್ದರು. ನಾವಿಬ್ಬರೂ ಕೆಳಗೆ ಸುಖವಾಗಿ ಹುರಿದದ್ದನ್ನು ತಿನ್ನುತ್ತಿದ್ದೆವು.

ಆ ಸುಖ ಮುಗಿದದ್ದು ಒಂದು ಜೂನ್ ತಿಂಗಳಲ್ಲಿ, ಯಜಮಾನರ ಕಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಕಚ್ಚಿದಾಗ. ಕಡಲೆಕಾಳಿನಷ್ಟು ಗಾಯ. ಮೂರು ವಾರವಾದರೂ ಒಣಗಲಿಲ್ಲ. ಡಾಕ್ಟರು ಶುಗರ್ ರಿಪೋರ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು:

"ಮಾತ್ರೆ ಜಾಸ್ತಿ ಮಾಡಿದ್ದೀನಿ. ಮೂರು ತಿಂಗಳು ಟೈಮ್ ಕೊಡ್ತೀನಿ. ಊಟ ಬದಲಾಯಿಸಿ, ಸೊಪ್ಪು ತರಕಾರಿ ಜಾಸ್ತಿ ತಿನ್ನಿ. ಇಳೀಲಿಲ್ಲ ಅಂದ್ರೆ ದಿನಾ ಇನ್ಸುಲಿನ್ ಚುಚ್ಕೋಬೇಕಾಗುತ್ತೆ. ಈ ಬೆರಳಿನ ವಿಷಯದಲ್ಲೂ ತಮಾಷೆ ಬೇಡ."

ನನ್ನ ಯಜಮಾನರು ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣದ ಜೊತೆ ಗುದ್ದಾಡಿದವರು. ಅಂಗೈಯಲ್ಲಿ ಸುಟ್ಟ ಕಲೆಗಳಿವೆ, ಒಂದಕ್ಕೂ ಅತ್ತವರಲ್ಲ. ಆದರೆ ಸೂಜಿ ಅಂದರೆ ಮಗು. ಮನೆಯ ಶುಗರ್ ಮಿಷನ್ನಿಗೆ ಬೆರಳು ಚುಚ್ಚುವಾಗಲೂ ಮುಖವನ್ನು ಗೋಡೆಗೆ ತಿರುಗಿಸಿ "ಆಯ್ತಾ? ಆಯ್ತಾ?" ಅನ್ನುತ್ತಾರೆ, ನಾನಿನ್ನೂ ಚುಚ್ಚಿಯೇ ಇರುವುದಿಲ್ಲ. ಅವರ ಭಯ ಸೂಜಿ. ನನ್ನ ಭಯ ಆ ಬೆರಳು. ಅವರ ಅಣ್ಣನವರಿಗೆ ಇದೇ ಶುಗರಿನಲ್ಲಿ ಮೊದಲು ಎರಡು ಬೆರಳು, ಆಮೇಲೆ ಪಾದ ಹೋಗಿತ್ತು. ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ಅವರು ಅಂಗಡಿಗಳ ಬೋರ್ಡು ಓದುತ್ತಾ ಕೂತಿದ್ದರು.

ಅದೇ ವಾರ ಉದಯಗಿರಿಯ ಮಹಾತಾಯಿ ಮಗಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ರಜೆ ಹಾಕಿದರು. ಉಳಿದವಳು ನಾನು, ಮತ್ತು ನನ್ನ ಕಾನ್ವೆಂಟ್ ವಿದ್ಯೆ.

ಮೊದಲ ತಿಂಗಳನ್ನು ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರಲಿಲ್ಲ. ಬೀನ್ಸ್ ಕುದಿಸಿದೆ, ಕೋಸು ಕುದಿಸಿದೆ, ಸೀಮೆಬದನೆಕಾಯಿ ಕುದಿಸಿ ಬಿಳಿ ಸಾಸ್ ಹಾಕಿದೆ. ಒಂದು ದಿನ ಸೌತೆಕಾಯಿ, ಕ್ಯಾರೆಟ್, ಬೀಟ್‌ರೂಟುಗಳನ್ನು ಹೂವಿನಂತೆ ಕತ್ತರಿಸಿ ಪ್ಲೇಟಿನಲ್ಲಿ ಜೋಡಿಸಿಟ್ಟೆ.

"ಏನಿದು?" ಎಂದರು.

"ಸಲಾಡ್ ರೀ."

"ಮೇಡಮ್ಮೋರೆ, ಗಣಪತಿಗೆ ಅಲಂಕಾರ ಮಾಡ್ದಂಗಿದೆ. ಇದ್ನ ತಿನ್ನೋದೋ, ಕೈ ಮುಗಿಯೋದೋ?"

"ಡಾಕ್ಟ್ರು ಹೇಳಿದ್ದು ನೆನಪಿದೆ ತಾನೇ?"

"ಡಾಕ್ಟ್ರು ತರಕಾರಿ ತಿನ್ನಿ ಅಂದ್ರು. ಇದು ತರಕಾರಿ ಅಲ್ಲ, ತರಕಾರಿ ಹೆಣ. ನೀರಲ್ಲಿ ಬಿದ್ದು ಸತ್ತಿರೋದು."

ನಾನೇ ಬಾಯಿಗಿಟ್ಟು ನೋಡಿದೆ. ಅವರ ಮಾತು ತಪ್ಪಿರಲಿಲ್ಲ. ಅರವತ್ತು ವರ್ಷದ ಹಿಂದಿನ ಅದೇ ರುಚಿ: ಒದ್ದೆ, ಉಪ್ಪು, ಕರ್ತವ್ಯ. ಅವರು ವಾಕಿಂಗ್ ನೆಪ ಹೇಳಿ ಹೋಗಿ ಮಿಲಿಟರಿ ಹೋಟೆಲಿನಲ್ಲಿ ಮಾಂಸದೂಟ ತಿಂದು ಬರತೊಡಗಿದರು. ಬಾಯಿಂದ ಲವಂಗದ ವಾಸನೆ ಬರುತ್ತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೆಳಗಿನ ಮಿಷನ್ನು ಮಾತ್ರ ಎಲ್ಲವನ್ನೂ ಹೇಳುತ್ತಿತ್ತು.

ನನಗೆ ಉಳಿದ ಒಂದೇ ಆಸೆ ಶ್ರಾವಣ. ಅವರ ಮನೆತನದಲ್ಲಿ ಶ್ರಾವಣ ಮಾಸ ಪೂರ್ತಿ ಮಾಂಸ ಮುಟ್ಟುವಂತಿಲ್ಲ. ಮನೆಗೆ ತರುವುದಿಲ್ಲ ಮಾತ್ರವಲ್ಲ, ಹೊರಗೂ ತಿನ್ನುವುದಿಲ್ಲ. ಡಾಕ್ಟರ ಮಾತನ್ನು ಮೀರಿಯಾರು, ನನ್ನ ಮಾತನ್ನಂತೂ ದಿನಾ ಮೀರುತ್ತಾರೆ, ಆದರೆ ಮನೆದೇವರಿಗೆ ಕೊಟ್ಟ ಮಾತನ್ನು ಮೀರುವ ಧೈರ್ಯ ಅವರಿಗಿಲ್ಲ. ಮೂವತ್ತು ದಿನ ಮನುಷ್ಯ ನನ್ನ ಕೈಗೆ ಸಿಕ್ಕಿಬಿದ್ದಿರುತ್ತಾರೆ. ಆ ಮೂವತ್ತು ದಿನದೊಳಗೆ ತರಕಾರಿಯನ್ನು ಅವರ ನಾಲಿಗೆಗೆ ಹತ್ತಿಸಬೇಕು. ಹತ್ತಲಿಲ್ಲವೋ, ಶ್ರಾವಣ ಕಳೆದ ಮರುದಿನ ಸ್ಟೀಲ್ ಡಬ್ಬಿ ಹಿಡಿದು ಮಟನ್ ಅಂಗಡಿಗೆ ಹೊರಡುತ್ತಾರೆ. ಆಮೇಲೆ ಸೂಜಿ. ಆಮೇಲೆ ಆ ಬೆರಳು.

ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ನಾಚಿಕೆ ಬಿಟ್ಟು ಅತ್ತಿಗೆಗೆ ಫೋನ್ ಮಾಡಿದೆ. ಅತ್ತಿಗೆ ಅಂದರೆ ಯಜಮಾನರ ಅಕ್ಕ. ಊರಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ, ಎಂಬತ್ತರ ಹತ್ತಿರ ವಯಸ್ಸು, ಬೆನ್ನು ನೆಟ್ಟಗಿದೆ.

"ಅಡುಗೆ ಕಲಿಸಿ ಅತ್ತಿಗೆ" ಎಂದೆ.

"ಯಾರ್ಗೆ? ಸೊಸೆಗಾ?"

"ನನಗೆ."

"ಅಯ್ಯೋ ನನ್ ತಾಯಿ, ಈಗ್ಲಾದ್ರೂ ಕೇಳ್ದಲ್ಲ! ನಾಳೀಕೇ ಬತ್ತೀನಿ ಬುಡು."

ಶ್ರಾವಣದ ಮೊದಲ ದಿನ ಬಸ್ಸಿನಿಂದ ಇಳಿದಾಗ ಅವರ ಒಂದು ಕೈಯಲ್ಲಿ ಎರಡು ಸೀರೆ ಇದ್ದ ಬ್ಯಾಗು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಇಷ್ಟು ದೊಡ್ಡ ಸೊಪ್ಪಿನ ಗಂಟು. ಬೆರಕೆ ಸೊಪ್ಪು. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಏಳೆಂಟು ಬಗೆಯ ಸೊಪ್ಪುಗಳನ್ನು ಕೈಯಾಡಿಸಿ ಕುಯ್ದು ಬೆರೆಸಿದ್ದು. ಹಾಲ್‌ನಲ್ಲಿ ಹಳೆಯ ನ್ಯೂಸ್ ಪೇಪರ್ ಹರಡಿ ಸುರಿದರು. ಮಣ್ಣಿನ ವಾಸನೆ ಸೋಫಾದವರೆಗೂ ಬಂತು.

"ಕೂತ್ಕೊ. ಬಿಡಿಸು."

ಕನ್ನಡಕ ಹಾಕಿಕೊಂಡು ಕೂತೆ. ಅತ್ತಿಗೆ ಪ್ರತಿ ಎಲೆಯನ್ನೂ ಹೆಸರು ಹಿಡಿದು ಕರೆದರು, ಮದುವೆ ಮನೆಯಲ್ಲಿ ನೆಂಟರನ್ನು ಪರಿಚಯಿಸಿದ ಹಾಗೆ. ಇದು ಹೊನಗೊನ್ನೆ, ಕಣ್ಣಿಗೆ ಒಳ್ಳೇದು. ಇದು ಗಣಿಕೆ, ಬಾಯಿ ಹುಣ್ಣಿಗೆ. ಇದು ಅಣ್ಣೆ, ಸುಮ್ನೆ ರುಚಿಗೆ. ನಾನು ಎಲೆಗಳನ್ನು ಮಾತ್ರ ಕಿತ್ತು ಎಳೆಯ ದಂಟುಗಳನ್ನೆಲ್ಲ ಪಕ್ಕಕ್ಕೆ ಎಸೆಯುತ್ತಿದ್ದೆ. ಅವರು ಅವನ್ನು ಒಂದೊಂದಾಗಿ ವಾಪಸ್ ರಾಶಿಗೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ನಾನೇ ಎಸೆಯುವುದನ್ನು ಬಿಟ್ಟೆ.

ಮಾರನೆಯ ಬೆಳಿಗ್ಗೆ ಬಸ್ಸಾರಿಗೆ ಇಟ್ಟೆವು. ತೊಗರಿಬೇಳೆ ಅರೆಬೆಂದ ಮೇಲೆ ಸೊಪ್ಪು ಹಾಕಿ, ಅತ್ತಿಗೆ ಸ್ನಾನಕ್ಕೆ ಹೊರಟರು. ಬಚ್ಚಲ ಬಾಗಿಲಿನಿಂದಲೇ ಕೂಗಿದರು: "ಬೆಂದ ಮ್ಯಾಲೆ ಬಸ್ದಿಡವ್ವ. ನಾ ಬಂದು ರುಬ್ಬುತೀನಿ."

ಬಸಿಯುವುದು! ಇಡೀ ಅಡುಗೆಶಾಸ್ತ್ರದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ. ದೊಡ್ಡ ಜರಡಿಯನ್ನು ಸಿಂಕಿನಲ್ಲಿಟ್ಟು, ಪಾತ್ರೆ ಬಗ್ಗಿಸಿ, ಒಂದು ತೊಟ್ಟೂ ಉಳಿಯದಂತೆ ಬಸಿದೆ. ಸೌಟಿನಿಂದ ಒತ್ತಿ ಒತ್ತಿ ಹಿಂಡಿದೆ. ಹಸಿರು ಮಿಶ್ರಿತ ಹಳದಿ ನೀರು ಗುಳುಗುಳು ಎಂದು ಮೋರಿಗೆ ಇಳಿಯಿತು. ಸಿಸ್ಟರ್ ನೋಡಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ಅತ್ತಿಗೆ ತಲೆಗೆ ಟವೆಲ್ ಸುತ್ತಿಕೊಂಡು ಬಂದವರು ಜರಡಿ ನೋಡಿದರು, ಸ್ಟವ್ ನೋಡಿದರು, ಸ್ಟವ್‌ನ ಹಿಂದೆ ಇಣುಕಿದರು.

"ಕಟ್ಟೆಲ್ಲಿ?"

"ಯಾವ ಕಟ್ಟು ಅತ್ತಿಗೆ?"

"ಬಸ್ದಿದ್ ನೀರು ಕಣವ್ವ!"

ನಾನು ಸಿಂಕಿನ ಕಡೆ ಕೈ ತೋರಿಸಿದೆ. ಅವರು ಸಿಂಕಿನೊಳಗೆ ಬಗ್ಗಿ, ಬಾವಿಗೆ ಬಿದ್ದ ಮಗುವನ್ನು ನೋಡುವವರಂತೆ ನೋಡಿದರು.

"ಅಯ್ಯೋ ನನ್ನವ್ವ! ಸಾರ್ನೇ ಮೋರಿಗೆ ಉಯ್ದ್ಬುಟ್ಯಲ್ಲೇ! ಅದೇ ಕಣೇ ಸಾರು! ಸೊಪ್ಪಿನ ಸತ್ವ ಎಲ್ಲಾ ಅದ್ರಾಗೇ ಇರೋದು!"

ಯಜಮಾನರು ಪೇಪರ್ ಹಿಡಿದು ಓಡಿ ಬಂದರು. "ಏನಾಯ್ತಕ್ಕ?"

"ನಿನ್ನೆಂಡ್ತಿ ಬಸ್ಸಾರಿನ ಕಟ್ಟ ಚೆಲ್ಬುಟ್ಲು ಕಣೋ!"

ಅವರು ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಬೆರಳಿನ ಗಾಯವಾದಾಗಿನಿಂದ ಅವರು ಹಾಗೆ ನಕ್ಕಿರಲಿಲ್ಲ. ನನಗೆ ಅವಮಾನ ಆಗಬೇಕಿತ್ತು, ಆಯಿತು ಕೂಡ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಕಾನ್ವೆಂಟಿನ ಐದು ವರ್ಷ, ಈಗಿನ ಒಂದು ತಿಂಗಳು, ಎಷ್ಟು ಪಾತ್ರೆ ಸಾರನ್ನು ನಾನು ಮೋರಿಗೆ ಕುಡಿಸಿದ್ದೇನೆ! ಮೋರಿಗೆ ಒಳ್ಳೆಯ ಆರೋಗ್ಯ ಬಂದಿರಬೇಕು.

ಊಟಕ್ಕೆ ಸಾರಿಲ್ಲ. ಅತ್ತಿಗೆ ಹೊತ್ತು ಕಳೆಯಲಿಲ್ಲ. ಬುಟ್ಟಿಯಲ್ಲಿ ಈರನಗೆರೆ ಬದನೆಕಾಯಿ ಇತ್ತು, ಮೈಸೂರಿನವರು ಹೆಮ್ಮೆಯಿಂದ ನಮ್ಮದು ಅನ್ನುವ ಆ ತಿಳಿಹಸಿರು ಕಾಯಿ. ಮೈಗೆ ಎಣ್ಣೆ ಸವರಿ ನೇರ ಗ್ಯಾಸಿನ ಉರಿಯ ಮೇಲೆ ಇಟ್ಟರು. ಸಿಪ್ಪೆ ಚಟಚಟ ಎಂದು ಕಪ್ಪಾಯಿತು. ಬಿಸಿಬಿಸಿಯಾಗಿಯೇ ಸುಲಿದು, ಒಳಗಿನ ತಿರುಳನ್ನು ಕೈಯಲ್ಲಿ ಹಿಸುಕಿ, ಹಸಿಮೆಣಸು, ಹುಣಸೆರಸ, ಹಸಿ ಈರುಳ್ಳಿ, ಮೇಲೊಂದು ಇಂಗಿನ ಒಗ್ಗರಣೆ. ಕಾಲು ಗಂಟೆಯ ಕೆಲಸ. "ತಗೋ" ಎಂದು ಬೆರಳ ತುದಿಯಲ್ಲಿ ಒಂದಿಷ್ಟು ನನ್ನ ಅಂಗೈಗೆ ಹಾಕಿದರು.

ನೆಕ್ಕಿದೆ. ಹೊಗೆ, ಹುಳಿ, ಖಾರ, ಆಮೇಲೆ ಎಲ್ಲಿಂದಲೋ ನಿಧಾನವಾಗಿ ಬರುವ ಒಂದು ಸಿಹಿ. ಬದನೆಕಾಯಿಗೆ ಒಂದು ಕ್ಯಾರೆಕ್ಟರ್ ಇದೆ ಎಂದು ನನಗೆ ಎಪ್ಪತ್ತೊಂದು ವರ್ಷ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರು, ನಾನು ಕೇಳಿರಲಿಲ್ಲ. ಅಂಗೈ ಮತ್ತೆ ಚಾಚಿದೆ.

"ಊಟಕ್ಕೆ ಉಳಿಸವ್ವ" ಎಂದರು ಅತ್ತಿಗೆ.

ಮೂರನೆಯ ದಿನ ಮತ್ತೆ ಬಸ್ಸಾರು. ಈ ಸಲ ಜರಡಿಯ ಕೆಳಗೆ ಪಾತ್ರೆ ಇಟ್ಟು ನಾನೇ ಕಾವಲು ನಿಂತೆ. ಆ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಜೀರಿಗೆ, ಸಾರಿನಪುಡಿ ರುಬ್ಬಿ ಬೆರೆಸಿ ಕುದಿಸಿದಾಗ ಅಡುಗೆಮನೆಯಲ್ಲಿ ಎದ್ದ ಘಮ ನನಗೆ ಹೊಸದಾಗಿರಲಿಲ್ಲ. ಅದು ಅತ್ತೆಯ ಘಮ. ಒಂಬತ್ತೂವರೆ ಬಸ್ಸಿನ ಘಮ. ಅಷ್ಟು ವರ್ಷ ವಾಸನೆ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ. ಸ್ಟವ್ ಪಕ್ಕದಲ್ಲಿ ನಿಂತೇ ಒಂದು ಲೋಟ ಸಾರು ಕುಡಿದೆ. ಅದೇ ಸೊಪ್ಪಿನ ಪಲ್ಯವನ್ನು ಕೈಯಲ್ಲೇ ತಿಂದೆ. ಬಟ್ಟಲು ಹಿಡಿದುಕೊಂಡು ಬಾಗಿಲವರೆಗೂ ಬರುತ್ತಿದ್ದ ಹೆಂಗಸಿಗೆ ಈಗ ಹೇಗೆ ಹೇಳಲಿ, ಚೆನ್ನಾಗಿದೆ ಅತ್ತೆ ಎಂದು? ಕ್ಷಮೆ ಕೇಳಲು ತಡವಾದ ಕೆಲವು ಕೆಲಸಗಳಲ್ಲಿ ಇದೂ ಒಂದು. ಅತ್ತಿಗೆ ನನ್ನ ಮುಖ ನೋಡಿ, "ಖಾರ ಆಯ್ತಾ?" ಎಂದರು. ಹೂಂ ಎಂದೆ.

ಯಜಮಾನರೂ ತಿಂದರು. ಅಕ್ಕನ ಕೈಯಡುಗೆ, ಹುಟ್ಟಿದ ಮನೆಯ ರುಚಿ, ಬೆರಳು ನೆಕ್ಕಿ ತಿಂದರು. ಉಪ್ಸಾರು, ಹುರುಳಿಕಾಳು, ನುಗ್ಗೆಸೊಪ್ಪು, ಪಡವಲಕಾಯಿ. ಎರಡು ವಾರ ನಮ್ಮ ಮನೆ ಸಂಭ್ರಮ. ನಾನು ಗೆದ್ದೆ ಎಂದುಕೊಂಡೆ. ಆದರೆ ಬೆಳಗಿನ ಮಿಷನ್ನು ಒಪ್ಪಲಿಲ್ಲ. ಸಂಖ್ಯೆ ಇಳಿಯಲಿಲ್ಲ. ಕಿರುಬೆರಳಿನ ಗಾಯ ಹಾಗೆಯೇ ಒದ್ದೆಯಾಗಿತ್ತು.

ಸ್ಟೆನೋ ಬುದ್ಧಿ, ಬರೆದಿಡುವ ಅಭ್ಯಾಸ. ಮೂರು ದಿನ ಅವರು ತಿಂದದ್ದನ್ನೆಲ್ಲ ಡೈರಿಯಲ್ಲಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದೆ, ಅವರಿಗೆ ಓದಲು ಬಾರದಿರಲಿ ಎಂದು. ಕಾರಣ ಸಿಕ್ಕಿತು. ಅತ್ತಿಗೆಯ ಮುದ್ದೆ! ಒಂದೊಂದು ಮುದ್ದೆಯೂ ಕ್ರಿಕೆಟ್ ಬಾಲಿಗಿಂತ ದೊಡ್ಡದು, ಊಟಕ್ಕೆ ಎರಡು, ಆಮೇಲೆ ಸಾರಿನ ಜೊತೆ ಅನ್ನ, ಮೇಲೆ ತುಪ್ಪ. ಅಷ್ಟು ಮುದ್ದೆ ನುಂಗಲು ಸೊಪ್ಪು ಬರೀ ಜಾರುಬಂಡೆ ಆಗಿತ್ತು.

ಅತ್ತಿಗೆಗೆ ಮೆತ್ತಗೆ ಹೇಳಿದೆ. "ಮುದ್ದೆ ಸ್ವಲ್ಪ ಚಿಕ್ಕದು ಮಾಡೋಣ ಅತ್ತಿಗೆ. ಪಲ್ಯ ಜಾಸ್ತಿ, ಮುದ್ದೆ ಕಮ್ಮಿ."

ಅವರ ಮುಖ ಬಿಗಿಯಿತು. "ನನ್ ತಮ್ಮನ್ಗೆ ಅಳ್ದು ಇಕ್ಕು ಅಂತೀಯಾ? ನಮ್ಮವ್ವ ಯಾವತ್ತೂ ಅವನ್ಗೆ ಅಳ್ದಿಕ್ಕಿಲ್ಲ."

"ಹಾಗಲ್ಲ ಅತ್ತಿಗೆ..."

"ರಾಗಿ ತಿಂದು ಯಾರ್ಗೂ ಏನೂ ಆಗಿಲ್ಲ ಬುಡು."

ಆ ದಿನ ಮುದ್ದೆ ಇನ್ನಷ್ಟು ದೊಡ್ಡದಾಗಿ ಬಂತು. ಯಜಮಾನರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಅವರು ಅಕ್ಕನಿಂದ ಗಾಯವನ್ನು ಬಚ್ಚಿಟ್ಟಿದ್ದರು. ಸಂಜೆ ನಾನು ಡ್ರೆಸಿಂಗ್ ಬದಲಾಯಿಸುವಾಗ ರೂಮಿನ ಬಾಗಿಲು ಹಾಕಿಸುತ್ತಿದ್ದರು, ಹೊರಗೆ ಬಂದರೆ ಸಾಕ್ಸು. ಮಾರನೆಯ ಸಂಜೆ ನಾನು ಬಾಗಿಲ ಚಿಲಕ ಹಾಕಲು ಮರೆತೆ. ಮರೆತೆ ಎಂದೇ ಬರೆಯುತ್ತೇನೆ. ಅತ್ತಿಗೆ ಕಾಫಿ ಹಿಡಿದು ಒಳಗೆ ಬಂದರು. ಹತ್ತಿ, ಬ್ಯಾಂಡೇಜು, ನನ್ನ ತೊಡೆಯ ಮೇಲೆ ತಮ್ಮನ ಪಾದ. ಲೋಟವನ್ನು ಮೇಜಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತು ನೋಡಿದರು.

"ಇದ್ನ ಯಾಕೋ ಮುಚ್ಚಿಟ್ಟಿದ್ದೆ?"

"ಸಣ್ಣದು ಕಣಕ್ಕ."

"ಅಣ್ಣನ್ಗೂ ಸಣ್ಣದೇ ಇದ್ದಿದ್ದು."

ಕಾಫಿ ಆರಿಹೋಯಿತು.

ಮರುದಿನ ಮಧ್ಯಾಹ್ನ ಯಜಮಾನರ ತಟ್ಟೆಗೆ ಮೊದಲು ಬಂದದ್ದು ಪಲ್ಯ, ಗುಡ್ಡೆಯಷ್ಟು. ಅದರ ಪಕ್ಕದಲ್ಲಿ ಅಲಸಂದೆಕಾಳು, ಮೂಲಂಗಿ ಕೋಸಂಬರಿ. ಕೊನೆಗೆ, ತಟ್ಟೆಯ ಅಂಚಿನಲ್ಲಿ, ನಿಂಬೆಹಣ್ಣಿಗಿಂತ ಒಂದಿಷ್ಟು ದಪ್ಪ ಇರುವ ಒಂದು ಮುದ್ದೆ.

"ಇದೇನಕ್ಕ ಇದು? ಗೋಲಿನಾ?"

"ಉಣ್ಣೋ ಬಾಯ್ಮುಚ್ಕಂಡು."

"ಬಾಯ್ ಮುಚ್ಕಂಡ್ರೆ ಎಂಗುಣ್ಣೋದು?"

"ಮೊದ್ಲು ಪಲ್ಯ ಖಾಲಿ ಮಾಡು. ಆಮ್ಯಾಕೆ ಮುದ್ದೆ ಮುಟ್ಟು. ಅನ್ನದ ಸುದ್ದಿ ಎತ್ತಿದ್ಯೋ, ಸೌಟಲ್ಲಿ ಬುಡ್ತೀನಿ."

ಎಪ್ಪತ್ತೈದು ವರ್ಷದ ಮನುಷ್ಯ ಸೌಟಿಗೆ ಹೆದರಿ ಪಲ್ಯ ತಿನ್ನತೊಡಗಿದರು. ಎರಡನೆಯ ದಿನ ಗೊಣಗಿದರು. ಐದನೆಯ ದಿನ, "ಇವತ್ತು ಒಗ್ಗರಣೆ ಸೀದಿದೆ" ಎಂದರು. ನನಗೆ ಖುಷಿಯಾಯಿತು. ಒಗ್ಗರಣೆಯ ತಪ್ಪು ಕಂಡುಹಿಡಿಯುವವನು ಪಲ್ಯವನ್ನು ರುಚಿ ನೋಡಿ ತಿನ್ನುತ್ತಿದ್ದಾನೆ ಎಂದಲ್ಲವೇ ಅರ್ಥ? ಸೀದದ್ದು ನನ್ನ ಕೈಯಿಂದ, ಏಕೆಂದರೆ ಆ ಹೊತ್ತಿಗೆ ಸೌಟು ನನ್ನ ಕೈಗೆ ಬಂದಿತ್ತು. ಅತ್ತಿಗೆ ಸ್ಟೂಲಿನ ಮೇಲೆ ಕೂತು ಆರ್ಡರ್ ಕೊಡುತ್ತಿದ್ದರು. ತರಕಾರಿ ಬೆಂದಿದೆಯೇ ಎಂದು ನಾನು ಗಡಿಯಾರ ನೋಡಿದರೆ, "ಗೋಡೆ ಏನ್ ನೋಡ್ತೀಯೆ, ಬಾಣಲೆ ನೋಡು" ಅನ್ನುತ್ತಿದ್ದರು. ಹೀರೇಕಾಯಿಗೆ ನೀರು ಹಾಕಬಾರದು, ಅದೇ ನೀರು ಬಿಡುತ್ತದೆ. ಬೆಂಡೆಕಾಯಿಗೆ ಉಪ್ಪು ಕೊನೆಗೆ. ಮೆಂತ್ಯ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿದರೆ ಕಹಿ ತಗ್ಗುತ್ತದೆ. ಇವೆಲ್ಲ ನನ್ನ ಡೈರಿಯಲ್ಲಿವೆ. ಅವರು ಹೇಳಿದ ಬೈಗುಳಗಳೂ ಇವೆ.

ಬೆಳಗಿನ ಸಂಖ್ಯೆ ಸೋಮಾರಿ ಎಮ್ಮೆಯ ಹಾಗೆ, ಇಷ್ಟಿಷ್ಟೇ, ಇಳಿಯತೊಡಗಿತು.

ಶ್ರಾವಣ ಕಳೆಯಿತು. ಗೌರಿಹಬ್ಬಕ್ಕೆ ಅತ್ತಿಗೆ ಊರಿಗೆ ಹೊರಟರು. ಬಸ್ ಹತ್ತುವಾಗ, "ಇನ್ಮ್ಯಾಕೆ ನಿನ್ ಕೈಲದೆ" ಎಂದರು. ಗೌರಿ, ಗಣೇಶ ಎರಡೂ ಮುಗಿದು ಭಾನುವಾರ ಬಂತು. ಬೆಳಿಗ್ಗೆ ಎಂಟಕ್ಕೇ ಯಜಮಾನರು ಕಪಾಟಿನ ಮೇಲಿಂದ ಸ್ಟೀಲ್ ಡಬ್ಬಿ ಇಳಿಸಿ, ಒರೆಸಿ, ಬ್ಯಾಗಿಗೆ ಹಾಕಿಕೊಂಡರು.

"ಹೋಗ್ಬರ್ತೀನಿ."

"ಎಲ್ಲಿಗೆ?" ಗೊತ್ತಿದ್ದೂ ಕೇಳಿದೆ.

"ತಿಂಗ್ಳಾಯ್ತಲ್ಲೇ, ಮಟನ್ ತರ್ತೀನಿ. ನೀನೇನೂ ಮಾಡ್ಬೇಡ, ನಾನೇ ಮಾಡ್ತೀನಿ."

ತಡೆಯಲಿಲ್ಲ. ತಿನ್ನಲೇಬಾರದು ಎಂದು ಡಾಕ್ಟರೂ ಹೇಳಿರಲಿಲ್ಲ. ಆದರೆ ಗೇಟು ಹಾಕಿದ ಸದ್ದಾದಾಗ ನನ್ನ ಮೂವತ್ತು ದಿನವೂ ಆ ಬ್ಯಾಗಿನಲ್ಲಿ ಕೂತು ಹೊರಟ ಹಾಗೆ ಅನ್ನಿಸಿತು. ನನಗೆ ಸಿಟ್ಟು ಬಂದರೆ ನಾನು ಕೂಗುವುದಿಲ್ಲ, ಕೆಲಸ ನಿಲ್ಲಿಸುತ್ತೇನೆ. ಆ ದಿನ ತರಕಾರಿ ಬುಟ್ಟಿ ಮುಟ್ಟಲಿಲ್ಲ. ಪುಟ್ಟ ಎರಡು ಮುದ್ದೆ ಕಟ್ಟಿಟ್ಟು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತೆ. ಅವರು ತಂದು, ತೊಳೆದು, ಮಸಾಲೆ ಹಾಕಿ, ಹಾಡು ಗುನುಗಿಕೊಂಡು ಬೇಯಿಸಿದರು. ಮನೆಯೆಲ್ಲ ಘಮಘಮ. ಸುಳ್ಳೇಕೆ, ನನ್ನ ಬಾಯಲ್ಲೂ ನೀರೂರಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ತಟ್ಟೆ ಹಾಕಿಕೊಂಡು ಕೂತರು. ನಾಲ್ಕು ತುಂಡು ಮಟನ್, ಸಾರು, ಮುದ್ದೆ. ತಟ್ಟೆಯನ್ನು ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು. ಅಡುಗೆಕಟ್ಟೆಯ ಕಡೆ ನೋಡಿದರು.

"ಪಲ್ಯ ಎಲ್ಲಿ?"

ನಾನು ಪೇಪರ್ ಇಳಿಸಿದೆ. "ಏನು?"

"ಪಲ್ಯ ಕಣೇ. ಮಾಡಿಲ್ವಾ?"

"ನೀವೇ ತಾನೇ ಏನೂ ಮಾಡ್ಬೇಡ ಅಂದಿದ್ದು?"

"ಅಂದ್ರೆ? ಪಲ್ಯಾನೂ ಮಾಡ್ಬಾರ್ದಾ? ಬರೀ ಇದ್ನ ಎಂಗೆ ತಿನ್ನೋದು, ತಟ್ಟೆ ಒಂಥರಾ ಬೋಳುಬೋಳಾಗಿದೆ."

ಎಪ್ಪತ್ತೊಂದರ ಮಂಡಿಗಳು ಅಷ್ಟು ಬೇಗ ಏಳುತ್ತವೆ ಎಂದು ನನಗೇ ಗೊತ್ತಿರಲಿಲ್ಲ. ಎರಡು ಹೀರೇಕಾಯಿ ಸಿಪ್ಪೆ ಹೆರೆದು, ಹೆಚ್ಚಿ, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ನೀರು ಹಾಕದೆ ಮುಚ್ಚಿದೆ. ಗಡಿಯಾರ ನೋಡಲಿಲ್ಲ. ಅವರು ಕೈ ಕಟ್ಟಿಕೊಂಡು ಕೂತಿದ್ದರು.

"ಮಟನ್ ಆರ್ಹೋಗುತ್ತೆ, ತಿಂತಾ ಇರಿ" ಎಂದೆ.

"ಮೊದ್ಲು ಪಲ್ಯ. ಇಲ್ಲಾಂದ್ರೆ ಅಕ್ಕ ಸೌಟಲ್ಲಿ ಬಿಡ್ತಾಳೆ."

ಅಕ್ಕ ಐವತ್ತು ಕಿಲೋಮೀಟರ್ ದೂರದಲ್ಲಿದ್ದರು. ಅವರು ಪಲ್ಯ ತಿಂದು ಮುಗಿಸಿ, ಮಟನ್ ತಿಂದು, ಎರಡು ತುಂಡನ್ನು ನನ್ನ ತಟ್ಟೆಗೆ ದಾಟಿಸಿದರು. ಆ ಭಾನುವಾರ ನಾನು ಮಟನ್ನನ್ನೂ ಹೀರೇಕಾಯಿಯನ್ನೂ ಒಂದೇ ಪ್ರೀತಿಯಿಂದ ತಿಂದೆ.

ಮುಂದಿನ ವಾರ ಡಾಕ್ಟರ ಹತ್ತಿರ ಹೋದೆವು. ರಿಪೋರ್ಟನ್ನು ಎರಡು ಸಲ ಓದಿದರು. ನಾನು ಪರೀಕ್ಷೆಯ ರಿಸಲ್ಟ್ ಬೋರ್ಡಿನ ಮುಂದೆ ನಿಂತ ಹುಡುಗಿಯಂತೆ ಅವರ ಮುಖವನ್ನೇ ನೋಡುತ್ತಾ ಕೂತೆ. ಆಮೇಲೆ ಸಾಕ್ಸು ತೆಗೆಸಿ ಬೆರಳು ನೋಡಿದರು. ಗಾಯದ ಮೇಲೆ ಒಣಗಿದ ಹೆಕ್ಕಳೆ, ಸುತ್ತ ಹೊಸ ಗುಲಾಬಿ ಚರ್ಮ.

"ಪರವಾಗಿಲ್ಲ. ಇನ್ನೂ ಇಳೀಬೇಕು, ಆದರೆ ಇನ್ಸುಲಿನ್ ಈಗ ಬೇಡ. ಮೂರು ತಿಂಗಳು ಬಿಟ್ಟು ನೋಡೋಣ. ಏನು ಮಾಡಿದ್ರಿ?"

ನನ್ನ ಯಜಮಾನರು ಎದೆ ಉಬ್ಬಿಸಿದರು. "ನಮ್ದು ಒಕ್ಕಲು ಮನೆ ಡಾಕ್ಟ್ರೇ. ಮೊದ್ಲಿಂದ್ಲೂ ಸೊಪ್ಪು ಸೆದೆ ಅಂದ್ರೆ ಪ್ರಾಣ ನಂಗೆ."

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೌದು ಡಾಕ್ಟರ್" ಎಂದೆ. ಕಾನ್ವೆಂಟಿನಲ್ಲಾಗಿದ್ದರೆ ಆ ಸುಳ್ಳಿಗೆ ಕನ್ಫೆಷನ್‌ಗೆ ಹೋಗಬೇಕಿತ್ತು.

ಆಟೋದಲ್ಲಿ ಅವರು ಈ ಸಲ ಬೋರ್ಡು ಓದಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಬೆರಳು ಮಡಿಸಿ ಏನೋ ಎಣಿಸಿದರು.

"ಮೂರು ತಿಂಗ್ಳು ಅಂದ್ರೆ ಡಿಸೆಂಬರು. ಸೊಗಡವರೆ ಕಾಲ ಕಣೇ. ಹಿತಕವರೆ ಬೇಳೆ ಸಾರು ಬರುತ್ತಾ ನಿಂಗೆ?"

ಅವರೆಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುವ ಆ ಕೆಲಸವನ್ನು ನಾನು ಅತ್ತೆಯ ಕೈಯಲ್ಲಿ ನೋಡಿದ್ದೆ, ಅಷ್ಟೆ.

"ಬರಲ್ಲ" ಎಂದೆ.

"ಕಲಿ. ಹಿತುಕೋದು ನಾನ್ ಮಾಡಿಕೊಡ್ತೀನಿ" ಎಂದರು. ಆಮೇಲೆ, ಆಟೋ ತಿರುವು ದಾಟಿದ ಮೇಲೆ, "ಕಟ್ಟು ಗಿಟ್ಟು ಚೆಲ್ಲೋ ಕೆಲ್ಸ ಇಲ್ಲ ಅ‌ದ್ರಲ್ಲಿ, ಹೆದರ್ಬೇಡ" ಎಂದು ಆಚೆ ಕಡೆ ಮುಖ ಮಾಡಿ ನಕ್ಕರು. ನಾನು ಅವರ ಮೊಣಕೈಗೆ ಒಂದು ತಿವಿದು, ಡ್ರೈವರಿಗೆ ತರಕಾರಿ ಅಂಗಡಿಯ ಹತ್ತಿರ ನಿಲ್ಲಿಸಲು ಹೇಳಿದೆ. ಮಧ್ಯಾಹ್ನಕ್ಕೆ ಮನೆಯಲ್ಲಿ ಮೂಲಂಗಿ ಬಿಟ್ಟರೆ ಬೇರೇನೂ ಇರಲಿಲ್ಲ.